ಆಂಡೀಸ್ ಬೆಟ್ಟದ ರೈತರ ಕಟ್ಟಳೆಗಳು
(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಾಸನದಲ್ಲಾಗಲಿ, ಚಿಕ್ಕಬಳ್ಳಾಪುರದಲ್ಲಾಗಲಿ ನಾವು ಬೆಳೆಯುವ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಕೆಚುವಾ ಹಾಗೂ ಐಮಾರಾ ಭಾಷೆಯಾಡುವ ಬೆಟ್ಟದ ಜನ ಸಾವಿರಾರು ವರ್ಷಗಳಿಂದ ಈ ಬೆಳೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಅವರ ಎಷ್ಟೋ ಹೊಲಗಳು 3,500 ಮೀಟರಿಗಿಂತ ಮೇಲಿವೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಇಳಿಜಾರು ನೆಲ, ತೆಳು ಮಣ್ಣು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಇಂಥ ಕಡೆ ಬೇಸಾಯ ನಿಂತಿರುವುದು ಊರ ಕಟ್ಟಳೆಗಳ ಮೇಲೆ. ಆ ಕಟ್ಟಳೆಗಳೊಳಗೆ ಎಷ್ಟು ಬೇಸಾಯ ಶಾಸ್ತ್ರ ಅಡಗಿದೆ ಎಂಬುದನ್ನು ಇಂದು ಹೇಳಬಯಸುತ್ತೇನೆ.

ಮುಯ್ಯಾಳು

ನಮ್ಮ ಹಳ್ಳಿಗಳ ಮುಯ್ಯಾಳಿನಂಥ ಪದ್ಧತಿಗೆ ಅವರು 'ಆಯ್ನಿ' ಎನ್ನುತ್ತಾರೆ. ಇಂದು ನೀವು ನನ್ನ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ. ಕೂಲಿಯಿಲ್ಲ, ಊಟ ಮತ್ತು ಮೆಕ್ಕೆಜೋಳದಿಂದ ಮಾಡಿದ 'ಚಿಚಾ' ಪಾನೀಯ ಉಂಟು. ಎತ್ತು ನಿಲ್ಲಲಾರದ ಇಳಿಜಾರಿನಲ್ಲಿ ಕಾಲಿನಿಂದ ಒತ್ತಿ ಉಳುವ ಸಾಧನವೇ ಗತಿ. ಇಬ್ಬರು ಒತ್ತಿ ಹೆಂಟೆ ಎಬ್ಬಿಸಿದರೆ ಮೂರನೆಯವರು, ಹೆಚ್ಚಾಗಿ ಹೆಂಗಸರು, ಅದನ್ನು ಮಗುಚಬೇಕು. ಒಂದೇ ಮನೆಯ ಜನ ಸಾಲದು.

ಕಣಜವೆಂಬ ನಕ್ಷತ್ರ

ನಾವು ಕೃತ್ತಿಕೆ ಎನ್ನುವ ನಕ್ಷತ್ರಪುಂಜವನ್ನು ಕೆಚುವಾ ಜನ 'ಕೊಲ್ಕ' ಎನ್ನುತ್ತಾರೆ. ಆ ಮಾತಿಗೆ ಕಣಜ ಎಂದೇ ಅರ್ಥ. ಜೂನ್ 24ರ ಹಬ್ಬದ ಆಸುಪಾಸಿನಲ್ಲಿ, ಬೆಳಗಿನ ಜಾವಕ್ಕೆ ಮುಂಚೆ ಬೆಟ್ಟವೇರಿ ಅದನ್ನು ನೋಡುತ್ತಾರೆ. ನಿಚ್ಚಳವಾಗಿ ಹೊಳೆದರೆ ಮಳೆ ಚೆನ್ನ. ಮಂಕಾಗಿದ್ದರೆ ಮಳೆ ತಡ, ಬಿತ್ತನೆಯನ್ನು ಕೆಲವು ವಾರ ಮುಂದಕ್ಕೆ ಹಾಕುತ್ತಾರೆ. ನಮ್ಮ ಕೃತ್ತಿಕಾ ಮಳೆಯ ಲೆಕ್ಕ ಸೂರ್ಯನ ಸಂಚಾರದ್ದು. ಇವರದು ಕಣ್ಣಿಗೆ ಕಂಡ ಹೊಳಪಿನದು.

ಇದು ಮೂಢನಂಬಿಕೆಯೇ? ವಿಜ್ಞಾನಿಗಳು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ ನಿನೋ ವರ್ಷಗಳಲ್ಲಿ ಆ ಸಮಯಕ್ಕೆ ಬಲು ಎತ್ತರದಲ್ಲಿ, ಕಣ್ಣಿಗೆ ಕಾಣದಷ್ಟು ತೆಳುವಾದ ಮೋಡ ಹೆಚ್ಚುತ್ತದೆ, ನಕ್ಷತ್ರ ಮಂಕಾಗುತ್ತದೆ. ಅದೇ ವರ್ಷಗಳಲ್ಲಿ ಅಕ್ಟೋಬರಿನಿಂದ ಬರುವ ಮಳೆ ಸಾಮಾನ್ಯವಾಗಿ ಕಡಿಮೆ. ರೈತರು ಕಾರಣ ಅರಿಯದಿದ್ದರೂ ಗುರುತನ್ನು ಸರಿಯಾಗಿ ಹಿಡಿದಿದ್ದರು.

ಬೀಳು ಬಿಡುವ ಕಟ್ಟಳೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹಲವು ಊರುಗಳಲ್ಲಿ ಬೆಟ್ಟದ ಜಮೀನನ್ನು ಕೆಲವು ಪಾಲುಗಳಾಗಿ ವಿಂಗಡಿಸುತ್ತಾರೆ. ಪ್ರತಿ ಪಾಲಿನಲ್ಲೂ ಪ್ರತಿ ಮನೆಗೆ ತುಂಡು ಹೊಲವಿರುತ್ತದೆ. ಈ ವರ್ಷ ಯಾವ ಪಾಲಿನಲ್ಲಿ ಆಲೂಗಡ್ಡೆ ಎಂಬುದನ್ನು ಊರ ಸಭೆ ತೀರ್ಮಾನಿಸುತ್ತದೆ. ಮೊದಲ ವರ್ಷ ಆಲೂಗಡ್ಡೆ, ಆಮೇಲೆ ಓಕಾದಂಥ ಬೇರೆ ಗಡ್ಡೆ, ಬಾರ್ಲಿ ಇತ್ಯಾದಿ, ಅನಂತರ ಹಲವು ವರ್ಷ ಬೀಳು. ಆಗ ಅಲ್ಲಿ ಎಲ್ಲರ ಕುರಿ, ಲಾಮಾಗಳೂ ಮೇಯುತ್ತವೆ, ಗೊಬ್ಬರ ಬೀಳುತ್ತದೆ. ತನ್ನದೇ ಹೊಲವಾದರೂ ಸರದಿ ತಪ್ಪಿಸಿ ಬಿತ್ತುವಂತಿಲ್ಲ.

ನನ್ನಂಥ ಬೇಸಾಯಶಾಸ್ತ್ರದ ಮೇಷ್ಟರು ಮೊದಲ ನೋಟಕ್ಕೆ 'ಭೂಮಿ ದಂಡವಾಯಿತು' ಎನ್ನುವವರೇ. ಆದರೆ ಆಲೂಗಡ್ಡೆಯ ಬೇರಿಗೆ ಒಂದು ಜಂತುಹುಳುವಿನ ಕಾಟವಿದೆ. ಹೆಣ್ಣುಹುಳು ಸತ್ತ ಮೇಲೆ ಅದರ ದೇಹವೇ ಗಟ್ಟಿ ಚೀಲವಾಗಿ ನೂರಾರು ಮೊಟ್ಟೆಗಳನ್ನು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತದೆ. ಆಲೂಗಡ್ಡೆಯ ಬೇರಿನ ರಸ ಸೋಕಿದಾಗ ಮರಿಗಳು ಹೊರಬರುತ್ತವೆ. ಬೇರು ಸಿಗದಿದ್ದರೆ ಪ್ರತಿವರ್ಷ ಒಂದಷ್ಟು ಮರಿಗಳು ಹೊರಬಂದು ಹಸಿದು ಸಾಯುತ್ತವೆ. ಬೀಳು ಉದ್ದವಾದಷ್ಟೂ ಹುಳು ಕಡಿಮೆ.

ಆಂಡೀಸ್ ಮೂಲದ ಈ ಹುಳು ನಮ್ಮ ನೆರೆಯ ನೀಲಗಿರಿಯಲ್ಲಿ 1961ರಲ್ಲಿ ಪತ್ತೆಯಾಯಿತು. ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಸಾಗಿಸಲು ನಿರ್ಬಂಧ ಹಾಕಬೇಕಾಯಿತು. ಕೋಸು, ಗಜ್ಜರಿಯಂಥ ಬೆಳೆಗಳೊಡನೆ ಸರದಿ ಮಾಡಿರೆಂದು ತಜ್ಞರು ಸಲಹೆ ಕೊಟ್ಟರು. ಬೆಳೆ ಸಮುದ್ರ ದಾಟಿ ಬಂತು, ಹುಳುವೂ ಬಂತು. ಹುಳುವನ್ನು ಹದ್ದಿನಲ್ಲಿಡುವ ಕಟ್ಟಳೆ ಮಾತ್ರ ಅಲ್ಲೇ ಉಳಿಯಿತು.

ಇಂದಿನ ಸ್ಥಿತಿ

ಅಲ್ಲಿಯೂ ಎಲ್ಲವೂ ಕ್ಷೇಮವಾಗಿಲ್ಲ. ಯುವಕರು ಲಿಮಾ, ಕುಸ್ಕೋ ನಗರಗಳಿಗೆ ಹೋಗುತ್ತಿದ್ದಾರೆ. ಮುಯ್ಯಿ ತೀರಿಸಲು ಆಳಿಲ್ಲ. ಪೇಟೆಯ ಬೇಡಿಕೆಗೆ ಬೀಳಿನ ಅವಧಿ ಎಷ್ಟೋ ಕಡೆ ಮೊಟಕಾಗಿದೆ. ಬಿಸಿ ಏರಿದಂತೆ ಬೆಳೆಯೂ ರೋಗವೂ ಬೆಟ್ಟ ಹತ್ತುತ್ತಿವೆ. ರಾತ್ರಿ ಹೆಪ್ಪುಗಟ್ಟಿಸಿ, ಹಗಲು ತುಳಿದು ಒಣಗಿಸಿ, ವರ್ಷಗಟ್ಟಲೆ ಕೆಡದಂತೆ ಇಡುವ 'ಚೂನ್ಯೋ' ಗಡ್ಡೆಗೆ ಬೇಕಾದ ಚಳಿಯೂ ಹಿಂದಿನಂತೆ ನೆಚ್ಚುವಂತಿಲ್ಲ.

ಸಮಾಧಾನದ ಸಂಗತಿಯೂ ಉಂಟು. ಕುಸ್ಕೋ ಬಳಿಯ ಪಿಸಾಕ್‌ನಲ್ಲಿ ಕೆಲವು ಹಳ್ಳಿಗಳು ಕೂಡಿ 'ಆಲೂಗಡ್ಡೆ ಉದ್ಯಾನ' ಮಾಡಿಕೊಂಡಿವೆ. ಲಿಮಾದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 2004ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡು, ಹಿಂದೆ ಸಂಗ್ರಹಿಸಿದ್ದ ತಳಿಗಳನ್ನು ನಂಜುರೋಗ ತೆಗೆದು ಅದೇ ರೈತರಿಗೆ ಹಿಂತಿರುಗಿಸಿತು.

ಬಂಧುಗಳೇ, ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಅವರ ನಕ್ಷತ್ರ ನೋಡಿ ನಾವು ಬಿತ್ತುವಂತೆಯೂ ಇಲ್ಲ. ಆದರೆ ಊರಿನ ಒಂದು ಕಟ್ಟಳೆಯನ್ನು ಬಿಡಿಸುವ ಮುನ್ನ, ಅದು ಯಾವ ಕೆಲಸ ಮಾಡುತ್ತಿತ್ತೆಂದು ಹಿರಿಯರನ್ನು ಕೇಳಿ, ಹೊಲದಲ್ಲಿ ಪರೀಕ್ಷಿಸಿ. ವಿಸ್ತರಣಾ ಮಿತ್ರರು ತಮ್ಮ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕೆಂದೇ ಮೀಸಲಿಡಲಿ.