ಕಡಲಾಚೆಯ ಪ್ರಯಾಣವೂ ಕಾಗದದ ಕಟ್ಟಳೆಗಳೂ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಸಂಜೆಯ ಭಾಷಣಕ್ಕೆ ನಾವು ಆರಿಸಿಕೊಂಡ ವಿಷಯವನ್ನು ಕೇಳಿ ನಮ್ಮ ಕಾರ್ಯದರ್ಶಿಗಳು ನಸುನಕ್ಕರು. “ಕೊರೋನಾ ಹೋಗಿ ಕಾಲವಾಯಿತಲ್ಲ! ಆಗಿನ ಪರೀಕ್ಷೆ, ಮುಖಗವುಸುಗಳ ಪುರಾಣವನ್ನು ಈಗ ಬಿಚ್ಚುವುದೇತಕ್ಕೆ?” ಎಂದು ಕೇಳಿದರು. ಅವರ ಮಾತು ಸಹಜವೇ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಸಾರಿದ್ದ ತುರ್ತು ಪರಿಸ್ಥಿತಿಯನ್ನು 2023ರ ಮೇ 5ರಂದು ಮುಗಿಯಿತೆಂದು ಸಾರಿತು. ಆ ಕಾಲದ ಕಟ್ಟಳೆಗಳು ತೆರವಾದವು. ಆದರೆ ಆ ಕಟ್ಟಳೆಗಳ ನಡುವೆ ನಮ್ಮ ಶಾಲೆಯ ಒಂದು ತಪ್ಪು ಬೆಳಕಿಗೆ ಬಂದಿತು. ಅದು ಇನ್ನೂ ತೀರಿಲ್ಲ. ಅದನ್ನು ನಿಮ್ಮ ಮುಂದೆ ಒಪ್ಪಿಸುವುದೇ ಈ ಮಾತಿನ ಉದ್ದೇಶ.

ಕಾಸರಗೋಡು ಸೀಮೆಗೂ ಕಡಲಾಚೆಗೂ ಇರುವ ನಂಟನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಯಾವ ತರಗತಿಗೆ ಹೋಗಿ “ಕೊಲ್ಲಿಯಲ್ಲಿ ಯಾರಿದ್ದಾರೆ?” ಎಂದು ಕೇಳಿದರೂ ತಂದೆಯೋ ಮಾವನೋ ಅಣ್ಣನೋ ಇದ್ದಾರೆಂದು ಕೈಯೆತ್ತುವ ಮಕ್ಕಳುಂಟು. ಆದಕಾರಣ 2020ರಲ್ಲಿ ಆಕಾಶಮಾರ್ಗ ಮುಚ್ಚಿದಾಗ ನಮ್ಮ ಮನೆಗಳ ಬಾಗಿಲೇ ಮುಚ್ಚಿದಂತಾಯಿತು. ಆ ವರ್ಷದ ಮಾರ್ಚ್ 23ರಿಂದ ನಿಂತುಹೋದ ಅಂತಾರಾಷ್ಟ್ರೀಯ ನಿಯತ ವಿಮಾನಗಳು ಮತ್ತೆ ಮೊದಲಿನಂತೆ ಹಾರಿದ್ದು 2022ರ ಮಾರ್ಚ್ 27ರಂದು. ನಡುವಣ ಎರಡು ವರ್ಷ ಪ್ರಯಾಣವೆಂಬುದು ಇರಲಿಲ್ಲವೆಂದಲ್ಲ. 2020ರ ಮೇ 7ರಂದು ಆರಂಭವಾದ ‘ವಂದೇ ಭಾರತ್’ ವಿಮಾನಗಳ ಮೂಲಕವೂ, ತರುವಾಯ ದೇಶದೇಶಗಳ ನಡುವೆ ಆದ ವಿಶೇಷ ಒಪ್ಪಂದಗಳ ಮೂಲಕವೂ ಜನರು ಹೋಗಿಬಂದರು. ಆದರೆ ಟಿಕೇಟಿಗಿಂತ ಕಾಗದಪತ್ರದ ಕಟ್ಟೇ ದಪ್ಪವಾಯಿತು.

ಮಕ್ಕಳೇ, ಪ್ರಯಾಣಿಕನನ್ನು ತಡೆದು ನಿಲ್ಲಿಸಿ ರೋಗವಿದೆಯೇ ಎಂದು ನೋಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಇಂದು ಡುಬ್ರೋವ್ನಿಕ್ ಎನಿಸಿಕೊಂಡಿರುವ ರಗುಸಾ ಪಟ್ಟಣವು 1377ರಲ್ಲಿಯೇ, ಪ್ಲೇಗಿನ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರತಕ್ಕದ್ದೆಂದು ವಿಧಿಸಿತು. ಮುಂದೆ ಮೂವತ್ತು ನಲವತ್ತಾಯಿತು. ಇಟಲಿಯ ಭಾಷೆಯ ‘ನಲವತ್ತು’ ಎಂಬ ಶಬ್ದದಿಂದಲೇ ‘ಕ್ವಾರಂಟೈನ್’ ಹುಟ್ಟಿತು. ಭಾರತದಿಂದ ಹಜ್ ಯಾತ್ರೆಗೆ ಹಡಗಿನಲ್ಲಿ ಹೋದ ನಮ್ಮ ಹಿರಿಯರನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಇಳಿಸಿ ದಿನಗಟ್ಟಲೆ ಕಾಯಿಸುತ್ತಿದ್ದರು. ಇಂದಿಗೂ ಆಫ್ರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡು ಅದರ ಪತ್ರವನ್ನು ಒಯ್ಯಬೇಕು. ಆ ಪತ್ರವಿಲ್ಲದೆ ಅಲ್ಲಿಂದ ಮರಳಿದವರನ್ನು ನಮ್ಮ ಸರಕಾರ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆದುದರಿಂದ ಈ ವಿಷಯ ಮುಗಿದುಹೋಯಿತೆನ್ನುವಂತಿಲ್ಲ.

ಇನ್ನು ಆ ಪರೀಕ್ಷೆಯ ಮಾತು. ಆರ್‌.ಟಿ.ಪಿ.ಸಿ.ಆರ್. ಎಂಬ ಐದಕ್ಷರವನ್ನು ಉಚ್ಚರಿಸದ ಮನೆಯಿರಲಿಲ್ಲ. ಅದರ ಅರ್ಥ ಕೇಳಿದವರು ಕಡಿಮೆ. ಮೂಗು ಗಂಟಲುಗಳಿಂದ ತೆಗೆದ ದ್ರವದಲ್ಲಿ ವೈರಾಣುವಿನ ಆರ್‌.ಎನ್‌.ಎ. ತುಣುಕಿದ್ದರೆ ಅದನ್ನು ಮೊದಲು ಡಿ.ಎನ್‌.ಎ.ಯಾಗಿ ಪರಿವರ್ತಿಸುತ್ತಾರೆ. ಬಳಿಕ ಅದನ್ನು ಕಾಯಿಸಿ ತಣಿಸಿ, ಮತ್ತೆ ಕಾಯಿಸಿ ತಣಿಸಿ, ಒಂದೊಂದು ಸುತ್ತಿಗೂ ಇಮ್ಮಡಿಯಾಗುವಂತೆ ಮಾಡುತ್ತಾರೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಏಳನೆಯ ತರಗತಿಯವರು ಮನೆಗೆ ಹೋಗಿ ಲೆಕ್ಕ ಹಾಕಿರಿ: ಮೂವತ್ತು ಸುತ್ತುಗಳಾದ ಮೇಲೆ ಒಂದೇ ತುಣುಕು 107 ಕೋಟಿಯನ್ನು ಮೀರುತ್ತದೆ. ಇಷ್ಟು ಸೂಕ್ಷ್ಮವಾದುದರಿಂದಲೇ, ರೋಗ ವಾಸಿಯಾಗಿ ಕೆಲವು ವಾರ ಕಳೆದವರಲ್ಲಿಯೂ ಉಳಿದ ತುಣುಕುಗಳನ್ನು ಅದು ಹಿಡಿದು ತೋರಿಸುತ್ತಿತ್ತು. ಆರೋಗ್ಯವಂತನಾಗಿ ಪೆಟ್ಟಿಗೆ ಕಟ್ಟಿ ಕುಳಿತವನು ‘ಪಾಸಿಟಿವ್’ ಎಂಬ ಒಂದೇ ಮಾತಿಗೆ ಪೆಟ್ಟಿಗೆ ಬಿಚ್ಚಬೇಕಾಗುತ್ತಿತ್ತು.

ಪರೀಕ್ಷೆಗಿಂತ ಜನರನ್ನು ಹೆಚ್ಚು ಬಳಲಿಸಿದ್ದು ಗಂಟೆಗಳ ಲೆಕ್ಕ. ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರ ಸಂಗತಿಯನ್ನು, ಅವರ ಅಪ್ಪಣೆ ಪಡೆದು, ಹೇಳುತ್ತೇವೆ. ದುಬಾಯಿಯ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದ ಅವರು 2021ರ ಏಪ್ರಿಲಿನಲ್ಲಿ ರಜೆಗೆ ಬಂದರು. ಅದೇ ತಿಂಗಳ 25ರಿಂದ ಭಾರತದ ಪ್ರಯಾಣಿಕರಿಗೆ ಆ ದೇಶದ ಬಾಗಿಲು ಮುಚ್ಚಿತು. ಮುಂದೆ ಬಾಗಿಲು ತೆರೆದು, ಸಪ್ಟೆಂಬರಿನಲ್ಲಿ ಅವರು ಹೊರಡುವ ಹೊತ್ತಿಗೆ ಮೂರು ಗಡುವುಗಳು ಒಂದೇ ದಾರಿಯಲ್ಲಿ ಕಾದಿದ್ದವು. ಕೇರಳದಿಂದ ಕರ್ನಾಟಕಕ್ಕೆ ಹೋಗುವವರಲ್ಲಿ 72 ಗಂಟೆಗಳೊಳಗಿನ ಪರೀಕ್ಷಾಪತ್ರವಿರಬೇಕೆಂದು ಅಂದು ನಿಯಮವಿತ್ತು. ಮಂಗಳೂರಿನ ವಿಮಾನ ಹಿಡಿಯಲು ತಲಪಾಡಿ ದಾಟಲೇಬೇಕು. ದುಬಾಯಿಗೆ 48 ಗಂಟೆಗಳೊಳಗಿನ ಪತ್ರ. ಸಾಲದೆಂಬಂತೆ, ವಿಮಾನ ಹೊರಡುವ ಮೊದಲಿನ ಆರು ಗಂಟೆಗಳೊಳಗೆ ನಿಲ್ದಾಣದಲ್ಲಿಯೇ ಇನ್ನೊಂದು ಶೀಘ್ರ ಪರೀಕ್ಷೆ, ಅದಕ್ಕೆ ಕೆಲವು ಸಾವಿರ ರೂಪಾಯಿ ಪ್ರತ್ಯೇಕ. ಅಲ್ಲಿ ಇಳಿದ ಮೇಲೆ ಮತ್ತೂ ಒಂದು!

ಅವರು ಮಂಗಳವಾರ ಬೆಳಗ್ಗೆ 9.30ಕ್ಕೆ ಮಾದರಿ ಕೊಟ್ಟರು. ವರದಿ ಕೈಗೆ ಬಂದದ್ದು ಅದೇ ರಾತ್ರಿ 9 ಗಂಟೆಗೆ. ವಿಮಾನ ಗುರುವಾರ 11.15ಕ್ಕೆ. ರಾತ್ರಿ ಒಂಬತ್ತರಿಂದ ಎಣಿಸಿದ ಅವರು, ಗುರುವಾರ ರಾತ್ರಿಯವರೆಗೂ ಪತ್ರ ಸಲ್ಲುವುದೆಂದು ನೆಮ್ಮದಿಯಿಂದಿದ್ದರು. ಆದರೆ ಎಣಿಕೆ ತೊಡಗುವುದು ವರದಿ ಬಂದ ಗಳಿಗೆಯಿಂದಲ್ಲ, ಮಾದರಿ ತೆಗೆದ ಗಳಿಗೆಯಿಂದ. ವರದಿಯ ಮೇಲೆ ಎರಡು ಸಮಯಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ಅವರು ಕೆಳಗಿನದನ್ನು ಓದಿದರು, ಮೇಜಿನ ಹಿಂದಿದ್ದ ಅಧಿಕಾರಿ ಮೇಲಿನದನ್ನು ಓದಿದನು. 49 ಗಂಟೆ 45 ನಿಮಿಷ. ತಲಪಾಡಿಗೆ ಸಂದ ಪತ್ರ ದುಬಾಯಿಗೆ ಸಲ್ಲಲಿಲ್ಲ. ಅಂಗಡಿಯ ಯಜಮಾನರು ಬೇರೊಬ್ಬನನ್ನು ನೇಮಿಸುವ ಮಾತಾಡುತ್ತಿದ್ದ ದಿನಗಳವು. ಟಿಕೇಟಿನ ಹಣ ಹೋಯಿತು, ಮತ್ತೊಂದು ಟಿಕೇಟಿಗೆ ಮನೆಯವರ ಬಳೆ ಹೋಯಿತು. ಮುಂದಿನ ವಾರ ಅವರು ಹೋಗಿ ತಲುಪಿದರೆಂಬುದೇ ಸಮಾಧಾನ.

ಹೊರಡುವ ಮುನ್ನ ಅವರು ನಮ್ಮಲ್ಲಿಗೆ ಬಂದು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಾಟಿದೆ: “ಕನ್ನಡ ಶಾಲೆಯಲ್ಲಿ ಕಲಿತವನಲ್ಲವೇ ಸರ್, ಇಂಗ್ಲಿಷಿನ ಕಾಗದ ತಿಳಿಯಲಿಲ್ಲ.” ಮಗನನ್ನು ಇಲ್ಲಿಯೇ ಮುಂದುವರಿಸಬೇಕೇ ಬೇಡವೇ ಎಂಬ ಸಂಶಯವೂ ಆ ಮಾತಿನ ಒಳಗಿತ್ತು. ನಾವು ಆ ವರದಿಯನ್ನು ಕೇಳಿ ಪಡೆದು ಓದಿದೆವು. ಅದರಲ್ಲಿ ಅವರಿಗೆ ತಿಳಿಯದ ಇಂಗ್ಲಿಷ್ ಶಬ್ದ ಒಂದೋ ಎರಡೋ. ತಪ್ಪಿದ್ದು ನಾಲ್ಕನೆಯ ತರಗತಿಯಲ್ಲಿ ಕಲಿಸುವ ಕಾಲಗಣನೆ. ಅಂದು ಅದೇ ಮೇಜಿನಿಂದ ಹಿಂದಿರುಗಿದವರಲ್ಲಿ ಇಂಗ್ಲಿಷ್ ಶಾಲೆಯವರೂ ಇದ್ದರೆಂದು ಅವರೇ ಹೇಳಿದರು. ಹಾಗೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹತ್ತು ವರ್ಷ ನಮ್ಮಲ್ಲಿ ಕಲಿತವನಿಗೆ ಒಂದು ವರದಿಯನ್ನು ತಲೆಯಿಂದ ಕಾಲಿನವರೆಗೆ ಓದುವ ಅಭ್ಯಾಸವನ್ನು ನಾವು ಮಾಡಿಸಿರಲಿಲ್ಲ. ಪದ್ಯ ಬಾಯಿಪಾಠ ಮಾಡಿಸಿದೆವು, ಅರ್ಜಿ ಓದಿಸಲಿಲ್ಲ. ಈಗ ಎಂಟನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ ವಾರಕ್ಕೊಂದು ಅರ್ಜಿಯನ್ನೋ ವರದಿಯನ್ನೋ ಕರಿಹಲಗೆಯ ಮೇಲೆ ಬರೆದು ಓದಿಸುತ್ತಿದ್ದೇವೆ.

ಮುಖಗವುಸಿನ ಕಟ್ಟಳೆಯನ್ನು ಹೆಚ್ಚು ಬೆಳೆಸುವುದಿಲ್ಲ. ಅದು ದೇಶಕ್ಕೊಂದು ಬಗೆ. ಅಮೆರಿಕದಲ್ಲಿ 2022ರ ಏಪ್ರಿಲ್ 18ರ ನ್ಯಾಯಾಲಯದ ತೀರ್ಪಿನಿಂದ ವಿಮಾನದ ಮುಖಗವುಸು ಕಳಚಿತು. ನಮ್ಮ ದೇಶದ ವಿಮಾನಗಳಲ್ಲಿ ಆ ವರ್ಷದ ನವೆಂಬರ್ 16ರವರೆಗೂ ಅದು ಕಡ್ಡಾಯವಾಗಿತ್ತು. ಜರ್ಮನಿಯ ದೂರಪ್ರಯಾಣದ ರೈಲುಗಳಲ್ಲಿ 2023ರ ಫೆಬ್ರುವರಿ ಆರಂಭದವರೆಗೆ ಬಟ್ಟೆಯ ಗವುಸು ಸಾಲದು, ಸೋಸುವ ಪದರವುಳ್ಳದ್ದೇ ಬೇಕೆಂದಿತ್ತು. ಉಸಿರು ಹೊರಬಿಡುವ ಕವಾಟವುಳ್ಳ ಬೆಲೆಬಾಳುವ ಗವುಸುಗಳನ್ನು ಕೊಂಡವರನ್ನು ಕೆಲವು ವಿಮಾನ ಸಂಸ್ಥೆಗಳು ತಡೆದವು. ಅದು ಧರಿಸಿದವನನ್ನು ಕಾಯುತ್ತದೆ, ಪಕ್ಕದಲ್ಲಿ ಕುಳಿತವನನ್ನು ಕಾಯುವುದಿಲ್ಲ. ಈ ಕಾರಣ ತಿಳಿದಿದ್ದವನಿಗೆ ನಿಯಮ ನೆನಪಿನಲ್ಲಿ ಉಳಿಯಿತು. ತಿಳಿಯದವನು ಅಧಿಕಾರಿಯೊಡನೆ ಜಗಳವಾಡಿದನು.

ಈಗ ನಮ್ಮ ತಪ್ಪಿಗೆ ಬರೋಣ. ಲಸಿಕೆಯ ಪತ್ರದಲ್ಲಿಯೂ ತೊಡಕುಗಳು ಬಹಳವಿದ್ದವು. ಮೊದಲಿಗೆ ಕೋವಿನ್ ಪತ್ರದಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು. 2021ರಲ್ಲಿ ಬ್ರಿಟನ್ನಿನೊಡನೆ ಈ ಪತ್ರದ ವಿಚಾರವಾಗಿ ತಗಾದೆ ಎದ್ದಾಗ ಪರದೇಶಕ್ಕೆ ಹೋಗುವವರಿಗೆ ಪೂರ್ಣ ಜನ್ಮದಿನಾಂಕವನ್ನು ಸೇರಿಸುವ ಏರ್ಪಾಡಾಯಿತು. ಕೋವಿಶೀಲ್ಡಿನ ಎರಡನೆಯ ಚುಚ್ಚುಮದ್ದಿಗೆ 84 ದಿನ ಕಾಯಬೇಕಾಗಿದ್ದಾಗ, ಓದಿಗೆ ಉದ್ಯೋಗಕ್ಕೆ ಹೊರಡುವವರಿಗೆ 28 ದಿನಗಳ ಬಳಿಕ ಕೊಡಬಹುದೆಂದು ಆ ವರ್ಷದ ಜೂನಿನಲ್ಲಿ ಸಡಿಲಿಸಿದರು. ಕೋವ್ಯಾಕ್ಸಿನ್ ಹಾಕಿಸಿಕೊಂಡವರಾದರೋ, ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವವರೆಗೆ, ಹಲವು ದೇಶಗಳ ಕಣ್ಣಿಗೆ ಲಸಿಕೆಯೇ ಇಲ್ಲದವರಾಗಿದ್ದರು. ಇವೆಲ್ಲ ಸರಕಾರಗಳ ನಡುವಣ ಮಾತು. ಹೆಸರಿನ ತೊಡಕು ಹಾಗಲ್ಲ. ಅದು ನಮ್ಮ ಕಚೇರಿಯ ಮೇಜಿನ ಮೇಲೆ ಹುಟ್ಟಿದ್ದು.

2022ರ ಆರಂಭದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಲ್ಲಿಯ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸ ದೊರೆಯಿತು. ಆಕೆಯ ಹೆಸರು ಬೇಡ. ಅದು ‘ಶ್ರೀ’ಕಾರದಿಂದ ಆರಂಭವಾಗುತ್ತದೆ ಎಂದರೆ ಸಾಕು. ಪಾಸ್‌ಪೋರ್ಟಿನಲ್ಲಿ ಆ ‘ಶ್ರೀ’ ಇಂಗ್ಲಿಷಿನ ಎಸ್, ಆರ್, ಇ, ಇ ಎಂದಿತ್ತು. ಲಸಿಕೆಯ ಪತ್ರದಲ್ಲಿ ಎಸ್, ಎಚ್, ಆರ್, ಐ. ಸಾಲದುದಕ್ಕೆ ಒಂದರಲ್ಲಿ ತರವಾಡಿನ ಹೆಸರು ಪೂರ್ತಿಯಾಗಿ, ಇನ್ನೊಂದರಲ್ಲಿ ಬರಿಯ ಮೊದಲಕ್ಷರ. ನಮ್ಮ ಕಿವಿಗೆ ಎರಡೂ ಒಂದೇ ಹೆಸರು. ಗಣಕಯಂತ್ರಕ್ಕೆ ಇಬ್ಬರು ಹೆಣ್ಣುಮಕ್ಕಳು! ಇದು ಗಡಿಯ ಕನ್ನಡಿಗರಿಗೆ ಮೀಸಲಾದ ಸಂಕಟವೆಂದೇ ಹೇಳಬೇಕು. ತೆಂಕಣ ಕಚೇರಿಗಳಲ್ಲಿ ‘ಶ್ರೀ’ಯನ್ನು ಒಂದು ವಿಧವಾಗಿ ಬರೆಯುವ ರೂಢಿ, ಬಡಗಣ ಕಚೇರಿಗಳಲ್ಲಿ ಇನ್ನೊಂದು. ನಮ್ಮ ಮಕ್ಕಳು ನಡುವೆ.

ಆಕೆ ದಾಖಲೆಯ ಪ್ರತಿಗಾಗಿ ಶಾಲೆಗೆ ಬಂದಳು. ನಾವು ಹಳೆಯ ಕಡತ ತೆಗೆದೆವು. ಆಧಾರ್ ಚೀಟಿಯೂ ಲಸಿಕೆಯ ಪತ್ರವೂ ಮನೆಯವರು ಮೊದಲಿನಿಂದ ಬರೆಯುತ್ತಿದ್ದಂತೆಯೇ ಇದ್ದವು. ಬೇರೆಯಾಗಿದ್ದದ್ದು ಎಸ್‌.ಎಸ್‌.ಎಲ್‌.ಸಿ. ಅಭ್ಯರ್ಥಿಗಳ ಪಟ್ಟಿಯಲ್ಲಿ, ಪಾಸ್‌ಪೋರ್ಟ್ ಅದನ್ನೇ ಅನುಸರಿಸಿತ್ತು. ಆ ಪಟ್ಟಿಯ ಅಕ್ಷರ ನಮ್ಮದೇ. ಆಗ ನಾವು ಆ ತರಗತಿಯ ಉಪಾಧ್ಯಾಯರಾಗಿದ್ದೆವು. ನಾಲ್ವತ್ತು ಹೆಸರುಗಳನ್ನು ಒಂದೇ ಸಂಜೆ ಇಂಗ್ಲಿಷಿಗೆ ಇಳಿಸಿದ್ದೆವು. ಬದಿಯಲ್ಲಿ ಆಕೆಯ ತಂದೆಯ ಸಹಿಯಿತ್ತು, ಕನ್ನಡದಲ್ಲಿ. “ಮಾಷ್ಟ್ರು ಬರೆದದ್ದಲ್ಲವೇ, ಇನ್ನು ನೋಡುವುದೇನು?” ಎಂದು ಅವರು ಅಂದು ಹೇಳಿದ್ದು ಆ ಪುಟ ಕಂಡೊಡನೆ ನಮಗೆ ನೆನಪಾಯಿತು. ಅವರು ಈಗ ಇಲ್ಲ.

ಕೋವಿನ್‌ನಲ್ಲಿ ಹೆಸರನ್ನು ಒಮ್ಮೆ ಮಾತ್ರ ತಿದ್ದಲು ಅವಕಾಶವಿತ್ತು. ಆಕೆ ಆ ಒಂದು ಅವಕಾಶವನ್ನು ಬಳಸಿ, ತನ್ನ ಮನೆಯವರು ಇಟ್ಟ ಬರಹವನ್ನು ಬಿಟ್ಟು, ನಾವು ತಪ್ಪಾಗಿ ಬರೆದುದನ್ನೇ ತನ್ನ ಹೆಸರಾಗಿ ಒಪ್ಪಿಕೊಂಡಳು. ಕೆಲವು ದಿನ ತಡವಾಗಿ ಹೊರಟಳು. “ಇರಲಿ ಸರ್, ಈಗ ಇದೇ ರೂಢಿಯಾಯಿತು” ಎಂದು ನಗುತ್ತ ಹೇಳಿದಳು. ನಮಗೆ ನಗಲಾಗಲಿಲ್ಲ.

ಆದಕಾರಣ ರಕ್ಷಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹತ್ತನೆಯ ತರಗತಿಯ ಪಟ್ಟಿಯನ್ನು ಇನ್ನು ಮುಂದೆ ನಾವು ಒಬ್ಬರೇ ಬರೆದು ಕಳುಹಿಸುವುದಿಲ್ಲ. ಕಳುಹಿಸುವ ಮೊದಲು ಒಂದು ವಾರ ಅದನ್ನು ಕಚೇರಿಯ ಎದುರಿನ ಫಲಕದಲ್ಲಿ ಅಂಟಿಸುತ್ತೇವೆ. ಜನನಪತ್ರ, ಆಧಾರ್, ಮಗುವಿಗೆ ಪಾಸ್‌ಪೋರ್ಟ್ ಇದ್ದರೆ ಅದು, ಇವನ್ನು ತಂದು ಅಕ್ಷರಕ್ಕೆ ಅಕ್ಷರ ಹೋಲಿಸಿರಿ. ಇಂಗ್ಲಿಷ್ ಬಾರದ ತಾಯಂದಿರಿಗೆ ಮಗುವೇ ಗಟ್ಟಿಯಾಗಿ ಓದಿ ಹೇಳಲಿ, ಪಕ್ಕದಲ್ಲಿ ನಾವಿರುತ್ತೇವೆ. ಮನೆತನದ ಹೆಸರನ್ನು ಬಿಡಿಸಿ ಬರೆಯಬೇಕೇ, ಮೊದಲಕ್ಷರ ಮುಂದೆ ಬರಬೇಕೇ ಹಿಂದೆ ಬರಬೇಕೇ ಎಂಬುದನ್ನು ಅಲ್ಲಿಯೇ ನಿಶ್ಚಯಿಸೋಣ. ನೋಡದೆ ಹಾಕಿದ ಸಹಿಯನ್ನು ನಾವು ಸ್ವೀಕರಿಸುವುದಿಲ್ಲ. ಮಾಷ್ಟ್ರ ಮೇಲಿನ ವಿಶ್ವಾಸವನ್ನು ಅಷ್ಟರ ಮಟ್ಟಿಗೆ ದಯಮಾಡಿ ಕಡಿಮೆ ಮಾಡಿಕೊಳ್ಳಿರಿ.

ಈ ವರ್ಷದ ಪಟ್ಟಿ ಬರುವ ಸೋಮವಾರದಿಂದ ಫಲಕದಲ್ಲಿರುತ್ತದೆ. ಬರುವಾಗ ಕನ್ನಡಕವನ್ನು ಮರೆಯದೆ ತನ್ನಿರಿ, ಅಕ್ಷರಗಳು ಸಣ್ಣವು.