ಕರಾರು ಬರೆಯುವವರು ಯಾರು?

ಹಿರೇಹಳ್ಳಿಯ ಕೈಗಾರಿಕಾ ಪ್ರದೇಶ ದಾಟಿ ತುಮಕೂರಿಗೆ ಹೋದರೆ, ಒಂದು ಕಾಲಕ್ಕೆ ಊರಿನ ಹೆಮ್ಮೆಯಾಗಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜಾಗ ಸಿಗುತ್ತದೆ. ಈಗದು ಇಸ್ರೊ ಕೈಯಲ್ಲಿದೆ. ಬಹುರಾಷ್ಟ್ರೀಯ ಕಂಪನಿ ಎಂದೊಡನೆ ‘ಲೂಟಿ’ ಎನ್ನುವವರಿಗೂ ‘ಉದ್ಧಾರ’ ಎನ್ನುವವರಿಗೂ ಈ ಕಾರ್ಖಾನೆಯ ಕಥೆ ಇರುಸುಮುರುಸು ತರುವಂಥದು.

1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಹೊರಟಾಗ ತಂತ್ರಜ್ಞಾನ ಕೊಟ್ಟದ್ದು ಜಪಾನಿನ ಸಿಟಿಜನ್. ಮಾತುಕತೆಗೆ ಕೂತದ್ದು ಸರ್ಕಾರದ್ದೇ ಕಂಪನಿ. ಕೆಲಸ ಕಲಿಯುವುದು ಅದರ ಗುರಿ. ಕಲಿತರು. 1978ರಲ್ಲಿ ತುಮಕೂರಿನ ಘಟಕವೂ ಬಂತು. ‘ಜನತಾ’ ಗಡಿಯಾರಕ್ಕೆ ದಿನಾ ಕೀ ಕೊಟ್ಟವರು ಈ ಸಭೆಯಲ್ಲೂ ಇದ್ದಾರು. ಎಚ್‌ಎಂಟಿ ಸೋತದ್ದು ಜಪಾನಿನವರ ಮೋಸದಿಂದಲ್ಲ. ಬ್ಯಾಟರಿಯ ಕ್ವಾರ್ಟ್ಸ್ ಗಡಿಯಾರಗಳ ಕಾಲಕ್ಕೆ ಬೇಗ ಹೊಂದಿಕೊಳ್ಳದೆ, ಟೈಟನ್‌ನಂಥ ದೇಶೀ ಪೈಪೋಟಿಯ ಎದುರು. ಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ.

ಸರ್ಕಾರ ವಿದೇಶಿ ಕಂಪನಿಗಳನ್ನು ಬಿಗಿ ಹಿಡಿದದ್ದೂ ಉಂಟು. 1973ರ ವಿದೇಶಿ ವಿನಿಮಯ ಕಾಯ್ದೆ ಬಹುತೇಕ ಕಂಪನಿಗಳ ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಹೊರಟಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾ-ಕೋಲಾ, ಐಬಿಎಂ ಎರಡೂ ಗಂಟುಮೂಟೆ ಕಟ್ಟಿದವು. 1990ರ ದಶಕದಲ್ಲಿ ಎರಡೂ ವಾಪಸ್ ಬಂದವು.

ಅದೇ ದಶಕದ ಆರಂಭದಲ್ಲಿ ಕರ್ನಾಟಕದ ಹೊಲಗಳಿಗೆ ಪರದೇಶಕ್ಕೆಂದೇ ಬೆಳೆಯುವ ಬೆಳೆಯೊಂದು ಬಂತು: ಗರ್ಕಿನ್, ಅಂದರೆ ಮಿಡಿಸೌತೆ. ತುಮಕೂರು ಸೀಮೆಯ ರೈತರಿಗೆ ಈಗ ಇದು ಹೊಸದೇನಲ್ಲ. ಕಂಪನಿಯವರು ರೈತರೊಂದಿಗೆ ಕರಾರು ಮಾಡಿಕೊಂಡು ಬೀಜ, ಗೊಬ್ಬರ, ಔಷಧಿ ಸಾಲವಾಗಿ ಕೊಡುತ್ತಾರೆ. ಕಾಯಿ ತೂಕ ಹಾಕಿದ ಮೇಲೆ ಮುರಿದುಕೊಳ್ಳುತ್ತಾರೆ. ಕಿಲೋಗೆ ಎಷ್ಟು ಕಾಯಿ ನಿಲ್ಲುತ್ತದೆ ಎಂಬುದರ ಮೇಲೆ ಗ್ರೇಡು. ಸಣ್ಣದಕ್ಕೆ ಹೆಚ್ಚು ಬೆಲೆ. ಒಂದು ದಿನ ಆಳು ಸಿಗದಿದ್ದರೆ ಕಾಯಿ ದಪ್ಪಗಾಗಿ ಗ್ರೇಡು ಇಳಿಯುತ್ತದೆ. ಮನೆಮಂದಿಯೆಲ್ಲ ಬೆಳಗಾಗುವಷ್ಟರಲ್ಲಿ ಬಳ್ಳಿಗೆ ಬಗ್ಗುವುದು ಅದಕ್ಕೇ. 2022ರಲ್ಲಿ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಿದ್ದರು.

ಇಲ್ಲಿ ಕರಾರು ಮಾಡಿಕೊಳ್ಳುವವರು ಬಹುಪಾಲು ನಮ್ಮ ದೇಶದ ಕಂಪನಿಗಳೇ. ಪರದೇಶದ ದೊಡ್ಡ ಕಂಪನಿ ಈ ಕಡೆ ಕಾಲಿಡಬೇಕಾಗಿಯೂ ಇಲ್ಲ. ಯೂರೋಪು, ಅಮೆರಿಕದಲ್ಲಿ ಕೂತು ಅಳತೆ ಹೇಳಿದರೆ ಸಾಕು, ಉಪ್ಪುನೀರಿನ ಪೀಪಾಯಿಗಳು ಹಡಗು ಹತ್ತುತ್ತವೆ. ಕಟ್ಟಡವಿಲ್ಲ, ಫಲಕವಿಲ್ಲ, ಧರಣಿ ಕೂರಲು ಗೇಟೂ ಇಲ್ಲ.

ಕಂಪನಿ ಬೇಡವೆಂದ ಕಾಯನ್ನು ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸಂತೆಗೆ ಒಯ್ದರೆ ಕೇಳುವವರಿಲ್ಲ. ನಮ್ಮವರು ತಿನ್ನುವ ಸೌತೆ ಅದಲ್ಲ. ಸಿಟಿಜನ್ ಎದುರು ಕೂತಾಗ ಎಚ್‌ಎಂಟಿಯ ಬೆನ್ನಿಗೆ ಸರ್ಕಾರವಿತ್ತು, ಎಂಜಿನಿಯರುಗಳಿದ್ದರು. ಅರ್ಧ ಎಕರೆಯ ರೈತ ಕರಾರಿಗೆ ಒಬ್ಬನೇ ಸಹಿ ಹಾಕುತ್ತಾನೆ. ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳು ಒಟ್ಟಾಗಿ ದರ ಮಾತಾಡಲಿ, ಗ್ರೇಡು ಮಾಡುವಾಗ ತಕ್ಕಡಿಯ ಪಕ್ಕ ತಮ್ಮ ಕಡೆಯವರನ್ನೊಬ್ಬರನ್ನು ನಿಲ್ಲಿಸಲಿ. ಇದಕ್ಕೆ ದೆಹಲಿಯ ಕಾಯ್ದೆಗೆ ಕಾಯಬೇಕಾಗಿಲ್ಲ.