ಮಗುವಿನ ಉಸಿರು ಎಣಿಸಲು ಕಲಿಯೋಣ

(ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣವೆಂದರೆ ಪರೀಕ್ಷೆ, ನೌಕರಿ ಎಂದಷ್ಟೇ ನಾವು ತಿಳಿದಿದ್ದೇವೆ. ತೊಟ್ಟಿಲಲ್ಲಿರುವ ಮಗುವಿನ ಜೀವ ಉಳಿಸುವ ತಿಳುವಳಿಕೆಯೂ ಶಿಕ್ಷಣವೇ. ಗೋಕಾಕ, ಹುಕ್ಕೇರಿ, ಮೂಡಲಗಿ ಭಾಗದ ನಮ್ಮ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಮಕ್ಕಳಿಗೆ ನೆಗಡಿ, ಕೆಮ್ಮು ತಪ್ಪಿದ್ದಲ್ಲ. ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಕೆಲವು ಮಾತ್ರ ನ್ಯುಮೋನಿಯಾಕ್ಕೆ ತಿರುಗುತ್ತವೆ. ಆಗ ಒಂದು ದಿನದ ತಡವೂ ಪ್ರಾಣಕ್ಕೆ ಎರವಾಗಬಹುದು. ಅಪಾಯವನ್ನು ಮೊದಲು ಗುರುತಿಸಬೇಕಾದವಳು ತಾಯಿ.

ಇದಕ್ಕೆ ಬೇಕಾದದ್ದು ಒಂದು ಗಡಿಯಾರ ಅಷ್ಟೆ. ಮಗು ಅಳದೆ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಎದೆ-ಹೊಟ್ಟೆ ಏರುವುದನ್ನು ಪೂರಾ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದೇ ದಿನ ಡಾಕ್ಟರರಿಗೆ ತೋರಿಸಿರಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಸೆಳೆದರೆ (ನಮ್ಮ ಮನೆಗಳಲ್ಲಿ 'ಪಸಲಿ ಚಲ್ ರಹೀ ಹೈ' ಎನ್ನುತ್ತೇವಲ್ಲ, ಅದೇ), ಹಾಲು ಕುಡಿಯದಿದ್ದರೆ, ಮಂಕಾಗಿ ಮಲಗಿಬಿಟ್ಟರೆ, ಫಿಟ್ಸ್ ಬಂದರೆ ಬೆಳಗಾಗುವವರೆಗೆ ಕಾಯಬೇಡಿರಿ. 108ಕ್ಕೆ ಫೋನ್ ಮಾಡಿರಿ. ಎರಡು ತಿಂಗಳೊಳಗಿನ ಕೂಸಿಗೆ ವೇಗದ ಉಸಿರೊಂದೇ ಇದ್ದರೂ ತಡ ಮಾಡಬಾರದು.

"ಅಕ್ಷರ ಬಾರದ ನಮಗೆ ಇದು ಸಾಧ್ಯವೇ?" ಎಂದು ಕೆಲವರು ಕೇಳಬಹುದು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಜನರಿಗೆ ಈ ತಿಳುವಳಿಕೆ ಕೊಟ್ಟರು. ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಚಿಕಿತ್ಸೆ ಕಲಿಸಿದರು. ಓದು ಬಾರದವರಿಗಾಗಿ ಮಣಿ ಸರಿಸಿ ಉಸಿರು ಎಣಿಸುವ ಸಾಧನ ಮಾಡಿಕೊಟ್ಟರು. 1990ರಲ್ಲಿ ಪ್ರಕಟವಾದ ವರದಿಯಂತೆ, ಆ 58 ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ, ಹೋಲಿಕೆಗೆ ತೆಗೆದುಕೊಂಡ ಹಳ್ಳಿಗಳ ಅರ್ಧಕ್ಕಿಂತಲೂ ಕಡಿಮೆಯಿತ್ತು. ನಮಾಜಿನ ನಂತರ ತಸ್ಬೀಹ್ ಎಣಿಸುವ ನಮ್ಮ ತಾಯಂದಿರಿಗೆ ಮಗುವಿನ ಉಸಿರು ಎಣಿಸುವುದು ಕಷ್ಟವಾದೀತೇ?

ಮನೆಯ ಆರೈಕೆಯೂ ಮುಖ್ಯ. ಕೆಮ್ಮು ಬಂತೆಂದು ಎದೆಹಾಲು ನಿಲ್ಲಿಸಬೇಡಿರಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿರಿ. ಮಗುವನ್ನು ಬೆಚ್ಚಗಿಡಿರಿ. ಒಲೆ, ಬೀಡಿ, ಲೋಬಾನದ ಹೊಗೆಯಿಂದ ದೂರವಿಡಿರಿ. ಬರೆ ಹಾಕುವುದು ಔಷಧವಲ್ಲ, ಹಿಂಸೆ. ಹಳೆಯ ಬಾಟಲಿಯ ಸಿರಪ್ ಕೊಡಬೇಡಿರಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಸರಕಾರದಿಂದ ಉಚಿತವಾಗಿದೆ. 6ನೇ ವಾರ, 14ನೇ ವಾರ, 9ನೇ ತಿಂಗಳಲ್ಲಿ ತಪ್ಪದೆ ಹಾಕಿಸಿರಿ.

ಕೊನೆಯದಾಗಿ ಮನೆಯ ಯಜಮಾನರಿಗೆ, ಅತ್ತೆಯಂದಿರಿಗೆ ಒಂದು ಮಾತು. ಅಪಾಯ ಗುರುತಿಸಿದ ತಾಯಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ನಿಮ್ಮ ಅನುಮತಿಗಾಗಿ, ಬಾಡಿಗೆ ಹಣಕ್ಕಾಗಿ ಕಾಯುತ್ತ ಕೂಡ್ರುವಂತಾದರೆ ಅವಳು ಕಲಿತದ್ದೆಲ್ಲ ವ್ಯರ್ಥ. ಚಿಕಿತ್ಸೆ ಪಡೆಯಿರಿ ಎಂದು ನಮ್ಮ ಪ್ರವಾದಿಯವರೇ (ಸ) ತಿಳಿಸಿದ್ದಾರೆ. ದುವಾ ಇರಲಿ, ಜೊತೆಗೆ ದವಾ ಇರಲಿ.

ವಿದ್ಯಾರ್ಥಿನಿಯರೇ, ನೀವು ಇಂದೇ ನಿಮ್ಮ ಓಣಿಯ ಐದು ತಾಯಂದಿರಿಗೆ ಇದನ್ನು ಕಲಿಸಿರಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಆಮೀನ್.